ಸೋರಿದರೆ ನೀರು ನಿಲ್ಲಬೇಕು, ಜೊತೆಗೆ ಮೋಟಾರೂ

ಚೆನ್ನೈನ ಬಹುಪಾಲು ಮನೆಗಳಲ್ಲಿ ನೀರಿಗೆ ಮೀಟರಿಲ್ಲ. ಊರಿಗೆಲ್ಲ ‘ಮೆಟ್ರೋ ವಾಟರ್’ ಎಂದೇ ಪರಿಚಿತವಾದ ನೀರು ಸರಬರಾಜು ಮಂಡಳಿಗೆ ಮನೆಯವರು ಕಟ್ಟುವುದು ನಿಗದಿತ ಶುಲ್ಕ. ಹಾಗಾಗಿ ಮನೆಯೊಳಗೆ ಎಲ್ಲೋ ಒಂದು ಪೈಪು ಸೋರುತ್ತಿದ್ದರೆ ಬಿಲ್ಲು ಅದನ್ನು ಹೇಳುವುದಿಲ್ಲ. ಸಂಪು ಬೇಗ ಬರಿದಾಗಿ ಲಾರಿ ನೀರು ತರಿಸುವಾಗಲೋ, ಕೆಳಮನೆಯವರು ಬಂದು ತಮ್ಮ ಸೂರಿನ ಸಿಮೆಂಟು ಉಬ್ಬಿದೆ ಎಂದಾಗಲೋ ವಿಷಯ ಗೊತ್ತಾಗುತ್ತದೆ. ಇದು ನಡೆಯುವುದು ನೀರಿನ ಬೆಲೆ ಚೆನ್ನಾಗಿ ಬಲ್ಲ ಊರಿನಲ್ಲಿ. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ತಳ ಕಂಡು, ದಿನಕ್ಕೆ 83 ಕೋಟಿ ಲೀಟರ್ ಇದ್ದ ಸರಬರಾಜು 52.5 ಕೋಟಿಗೆ ಇಳಿದಿತ್ತು. ಜುಲೈ 12ರಂದು ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ ಬಂದ ಮೊದಲ ನೀರಿನ ರೈಲು 50 ವ್ಯಾಗನ್‌ಗಳಲ್ಲಿ ಹೊತ್ತು ತಂದದ್ದು 25 ಲಕ್ಷ ಲೀಟರ್, ಅದೂ ಕಾವೇರಿಯ ನೀರು. ಸಮುದ್ರದ ಉಪ್ಪುನೀರನ್ನು ವಿದ್ಯುತ್ ಸುಟ್ಟು ಸಿಹಿ ಮಾಡುವ ಘಟಕ ಮಿಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ಶುರುವಾಯಿತು. ಹೀಗೆ ತಂದ ನೀರು ಒಡೆದ ಒಂದು ಕನೆಕ್ಷನ್ ಪೈಪಿನಿಂದ ರಾತ್ರಿಯಿಡೀ ಹರಿದು ಚರಂಡಿ ಸೇರಿದರೆ ನಷ್ಟ ಆ ಮನೆಯೊಂದರದ್ದಲ್ಲ.

ಸೋರಿಕೆ ಕಂಡೊಡನೆ ನೀರನ್ನು ತಾನೇ ನಿಲ್ಲಿಸುವ ಸಾಧನಗಳು ಈಗ ಸುಲಭವಾಗಿ ಸಿಗುತ್ತವೆ. ಕೆಲವು ಹೊರದೇಶದವು, ಕೆಲವು ಮೌಂಟ್ ರೋಡ್ ಬಳಿಯ ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗ ಕೊಂಡು ಇಲ್ಲಿಯವರೇ ಜೋಡಿಸಿದವು. ಅಮೆರಿಕದ ಮನೆಗಾಗಿ ತಯಾರಾದ ಯಂತ್ರದ ಕೈಪಿಡಿ ತೆರೆದರೆ ಮೊದಲ ಸೂಚನೆಯೇ, ಬೀದಿಯಿಂದ ಪೈಪು ಮನೆಗೆ ಬರುವ ಜಾಗದಲ್ಲಿ, ಮೀಟರಿನ ಪಕ್ಕದಲ್ಲಿ ಇದನ್ನು ಕೂರಿಸಿ ಎಂದಿರುತ್ತದೆ. ಅಲ್ಲಿ ಬೀದಿಯ ಕೊಳವೆಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಒತ್ತಡವಿರುವುದರಿಂದ ಆ ಮಾತು ಸರಿ. ಇಲ್ಲಿ ಹಾಗಲ್ಲ. ಬೀದಿಯ ನೀರು ದಿನದಲ್ಲಿ ಕೆಲವು ಗಂಟೆ ಬಂದು ನೆಲದಡಿಯ ಸಂಪಿಗೆ ಬೀಳುತ್ತದೆ. ಮೋಟಾರು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ತನ್ನ ಭಾರಕ್ಕೆ ತಾನೇ ನಲ್ಲಿಗಳಿಗೆ ಇಳಿಯುತ್ತದೆ. ಬೀದಿ ಪೈಪಿನ ಮೇಲೆ ಕೂರಿಸಿದ ವಾಲ್ವ್ ಇಂಥ ಮನೆಯಲ್ಲಿ ಕಾಯುವುದು ಸಂಪಿನ ಬಾಯನ್ನು ಮಾತ್ರ. ಬೆಂಗಳೂರು, ಮೈಸೂರಿನ ಮನೆಗಳೂ ಇದೇ ರೀತಿಯವಾದ್ದರಿಂದ ಮುಂದಿನ ಮಾತು ಅಲ್ಲಿಯ ಓದುಗರಿಗೂ ಅನ್ವಯಿಸುತ್ತದೆ. ಈ ಲೇಖನದ ವಾದ ಇಷ್ಟು: ನಮ್ಮ ಮನೆಗಳಲ್ಲಿ ಸೋರಿಕೆ ತಡೆಯುವ ವಾಲ್ವ್ ಇರಬೇಕಾದ್ದು ತಾರಸಿಯ ಟ್ಯಾಂಕಿನಿಂದ ನೀರು ಹೊರಬೀಳುವ ಜಾಗದಲ್ಲಿ. ಆ ವಾಲ್ವ್ ಮುಚ್ಚುವಾಗ ಸಂಪಿನ ಮೋಟಾರಿನ ಬಾಯೂ ಕಟ್ಟಬೇಕು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಮುಖ್ಯ, ಆದರೆ ಅಂಗಡಿಯಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಯಾಕೆ ಎರಡನೆಯದು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಸಾಕು. ವಾಷ್ ಬೇಸಿನ್ನಿನ ಕೆಳಗಿನ ಬಳುಕುವ ಕನೆಕ್ಷನ್ ಪೈಪು ತುಂಡಾದರೆ ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಹೋಗುತ್ತದೆ ಎಂದುಕೊಳ್ಳೋಣ. ಸಾವಿರ ಲೀಟರಿನ ಟ್ಯಾಂಕು ಒಂದು ಗಂಟೆ ಏಳು ನಿಮಿಷದಲ್ಲಿ ಖಾಲಿ. ಸೋರಿಕೆ ಅಲ್ಲಿಗೆ ಮುಗಿಯಿತು. ಮನೆ ಒದ್ದೆಯಾದರೂ ನಷ್ಟಕ್ಕೊಂದು ಮಿತಿಯಿದೆ. ಹಳೆಯ ಕಾಲದ ಮನೆಯಲ್ಲಿ, ಅಂದರೆ ಯಾರಾದರೂ ಎದ್ದು ಹೋಗಿ ಮೋಟಾರಿನ ಸ್ವಿಚ್ ಒತ್ತಬೇಕಿದ್ದ ಮನೆಯಲ್ಲಿ, ಆಗುತ್ತಿದ್ದದ್ದು ಇದೇ. ಈಗ ಎಷ್ಟೋ ಮನೆಗಳಲ್ಲಿ ನೀರಿನ ಮಟ್ಟ ನೋಡಿ ಮೋಟಾರನ್ನು ತಾನೇ ಓಡಿಸುವ ಕಂಟ್ರೋಲರ್ ಇದೆ. ಟ್ಯಾಂಕಿನ ಮಟ್ಟ ಇಳಿದ ಕೂಡಲೇ ಅದು ಮೋಟಾರು ಚಾಲೂ ಮಾಡುತ್ತದೆ. ಇಳಿದದ್ದು ಬಳಕೆಯಿಂದಲೋ ಸೋರಿಕೆಯಿಂದಲೋ ಅದಕ್ಕೆ ತಿಳಿಯದು. ಸಂಪಿನಲ್ಲಿ ಒಂದು ಲಾರಿ ನೀರು, 9,000 ಲೀಟರ್, ಇದ್ದರೆ ಅದೂ ಹತ್ತು ಗಂಟೆಯಲ್ಲಿ ಮೇಲೇರಿ ಮನೆಯೊಳಗೆ ಇಳಿಯುತ್ತದೆ. ಮಂಗಳೂರು ಮೇಲ್ ಹತ್ತಿ ಒಂದು ವಾರಕ್ಕೆ ಊರಿಗೆ ಹೋದವರ ಮನೆಯಲ್ಲಾದರೆ, ಬೀದಿಯಿಂದ ಸಂಪಿಗೆ ನೀರು ಬರುವಷ್ಟು ದಿನವೂ ಇದು ನಡೆಯುತ್ತಲೇ ಇರುತ್ತದೆ. ಸೋರಿಕೆಯನ್ನು ಆರಂಭಿಸುವುದು ಪೈಪು. ಅದು ಎಷ್ಟು ದೊಡ್ಡದಾಗಬೇಕೆಂದು ತೀರ್ಮಾನಿಸುವುದು ನಾವೇ ಅನುಕೂಲಕ್ಕೆಂದು ಹಾಕಿಸಿಕೊಂಡ ಕಂಟ್ರೋಲರ್.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಮೋಟಾರಿನ ಪೆಟ್ಟಿಗೆಯಿಂದ. ಸೋರಿಕೆಯ ಸೂಚನೆ ಬಂದಾಗ ತೆರೆದುಕೊಳ್ಳುವ ಒಂದು ರಿಲೇಯನ್ನು ಮೋಟಾರು ಚಾಲೂ ಮಾಡುವ ಕಾಂಟ್ಯಾಕ್ಟರಿನ ಕಾಯಿಲ್ ದಾರಿಯಲ್ಲಿ ಸರಣಿಯಾಗಿ ಸೇರಿಸಬೇಕು. ಆಗ ಟ್ಯಾಂಕಿನ ಫ್ಲೋಟ್ ಎಷ್ಟೇ ಕರೆದರೂ ಮೋಟಾರು ಏಳುವುದಿಲ್ಲ. ಮೋಟಾರಿನ ಕರೆಂಟನ್ನೇ ನೇರವಾಗಿ ಸೋರಿಕೆ ಸಾಧನದ ಪುಟ್ಟ ರಿಲೇ ಮೂಲಕ ಹರಿಸುವುದು ಅಪಾಯ. ಮೋಟಾರು ಏಳುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದ್ದಕ್ಕಿಂತ ಹಲವು ಪಟ್ಟು ಇರುತ್ತದೆ. ಅಷ್ಟನ್ನು ತಾಳದೆ ರಿಲೇಯ ತುದಿಗಳು ಬೆಸೆದುಕೊಂಡರೆ ಬೇಕಾದಾಗ ಅದು ತೆರೆಯುವುದೇ ಇಲ್ಲ. ಇದರ ಜೊತೆಗೆ ಮೋಟಾರಿಗೊಂದು ಗರಿಷ್ಠ ಓಟದ ಟೈಮರ್ ಬೇಕು. ಟ್ಯಾಂಕು ತುಂಬಲು ಸಾಮಾನ್ಯವಾಗಿ 20 ನಿಮಿಷ ಹಿಡಿಯುವುದಾದರೆ 30 ನಿಮಿಷಕ್ಕೆ ಮೋಟಾರು ಸುಮ್ಮನಾಗಬೇಕು. ಸಂಪಿನಿಂದ ಟ್ಯಾಂಕಿಗೆ ಏರುವ ಪೈಪೇ ಒಡೆದಾಗ ಟ್ಯಾಂಕು ಎಂದೂ ತುಂಬುವುದಿಲ್ಲ, ಮೋಟಾರು ನಿಲ್ಲುವುದೂ ಇಲ್ಲ. ಆ ಸೋರಿಕೆಯನ್ನು ತಾರಸಿಯ ಯಾವ ವಾಲ್ವೂ ಹಿಡಿಯಲಾರದು, ಹಿಡಿಯುವುದು ಈ ಟೈಮರ್ ಮಾತ್ರ. ಫ್ಲೋಟ್ ಕೆಟ್ಟು ಟ್ಯಾಂಕು ತುಂಬಿ ಚೆಲ್ಲುವ ಮಾಮೂಲಿ ರಗಳೆಗೂ ಅದೇ ಔಷಧ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀರಿನ ಪಕ್ಕದ ವೈರಿಂಗಿಗೆ ಸರಿಯಾದ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಬೇಕು.

ಇನ್ನು ವಾಲ್ವ್. ಅಂಗಡಿಯವರು ಅಗ್ಗವೆಂದು ಕೈಗಿಡುವುದು ಸಾಮಾನ್ಯವಾಗಿ ಸೊಲೆನಾಯ್ಡ್ ವಾಲ್ವ್. ಅದರಲ್ಲಿ ಬಹುತೇಕವು ರಬ್ಬರಿನ ಪೊರೆಯನ್ನು ನೀರಿನ ಒತ್ತಡದಿಂದಲೇ ಎತ್ತಿ ಇಳಿಸುವ ಬಗೆಯವು. ಸರಿಯಾಗಿ ಕೆಲಸ ಮಾಡಲು ಅವಕ್ಕೆ ಎರಡೂ ಬದಿಯ ನಡುವೆ ಒಂದು ಕನಿಷ್ಠ ಒತ್ತಡದ ವ್ಯತ್ಯಾಸ ಬೇಕು, ಸಾಮಾನ್ಯವಾಗಿ 0.3ರಿಂದ 0.5 ಬಾರ್. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸುಮಾರು ಒಂದು ಬಾರ್ ಒತ್ತಡ. ತಾರಸಿಯಲ್ಲಿ ಟ್ಯಾಂಕಿನ ಬುಡದಲ್ಲಿ ಇರುವುದು ಒಂದು ಮೀಟರಿನಷ್ಟು ನೀರು, ಅಂದರೆ 0.1 ಬಾರ್. ಅಲ್ಲಿ ಕೂರಿಸಿದ ಇಂಥ ಸೊಲೆನಾಯ್ಡ್ ಪೂರ್ತಿ ತೆರೆಯುವುದೂ ಇಲ್ಲ, ನಂಬಿಕೆಯಿಂದ ಮುಚ್ಚುವುದೂ ಇಲ್ಲ. ಮೇಲ್ಮಹಡಿಯ ಶವರಿನಲ್ಲಿ ನೀರು ಸಣ್ಣಗಾಯಿತು ಎಂದು ಮನೆಯವರು ನಾಲ್ಕೇ ದಿನದಲ್ಲಿ ಅದನ್ನು ಕಿತ್ತು ಹಾಕಿಸುತ್ತಾರೆ. ಒತ್ತಡ ಬೇಡದ ಸೊಲೆನಾಯ್ಡ್‌ಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವುಗಳ ರಂಧ್ರ ಚಿಕ್ಕದು. ನಮ್ಮ ಟ್ಯಾಂಕಿಗೆ ತಕ್ಕದ್ದು ಪೂರ್ಣ ರಂಧ್ರದ, ಮೋಟಾರು ಕೂರಿಸಿದ ಬಾಲ್ ವಾಲ್ವ್. ಪುಟ್ಟ ಮೋಟಾರು ಗುಂಡನ್ನು ಕಾಲು ಸುತ್ತು ತಿರುಗಿಸುತ್ತದೆ, ನೀರಿನ ಒತ್ತಡ ಎಷ್ಟಿದ್ದರೂ ಸರಿ. ಮುಚ್ಚಲು ಕೆಲವು ಸೆಕೆಂಡು ಹಿಡಿಯುವುದರಿಂದ ಪೈಪಿನಲ್ಲಿ ಢಬ್ ಎಂಬ ಹೊಡೆತವೂ ಇಲ್ಲ. ಕೊಳ್ಳುವಾಗ 12 ವೋಲ್ಟ್ ಡಿಸಿಯದ್ದನ್ನು, ವಾಲ್ವ್ ನಿಜವಾಗಿ ಮುಚ್ಚಿತೇ ಎಂದು ಸೋರಿಕೆ ಸಾಧನದ ಕಂಟ್ರೋಲರಿಗೆ ತಿಳಿಸುವ ಎರಡು ವೈರು ಹೆಚ್ಚಿಗೆ ಇರುವುದನ್ನು ಕೇಳಿ ಪಡೆಯಿರಿ. ಕರೆಂಟು ಹೋದ ಕೂಡಲೇ ತಾನೇ ಮುಚ್ಚಿಕೊಳ್ಳುವ ಬಗೆಯೂ ಇದೆ. ಚೆನ್ನೈನ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ನೀರೂ ಹೋಗುವುದನ್ನು ಯಾವ ಮನೆಯೂ ಸಹಿಸದು. ಆದ್ದರಿಂದ ಇದ್ದ ಸ್ಥಿತಿಯಲ್ಲೇ ನಿಲ್ಲುವ ವಾಲ್ವ್ ಮತ್ತು ಜೊತೆಗೊಂದು ಚಿಕ್ಕ ಬ್ಯಾಟರಿ ಮೇಲು.

ಟ್ಯಾಂಕಿನಿಂದ ಒಂದೇ ಪೈಪು ಇಳಿದಿದ್ದರೆ ಕೆಲಸ ಸರಾಗ. ಚೆನ್ನೈನ ಮನೆಗಳಲ್ಲಿ ಅಷ್ಟು ಸರಳವಾಗಿರುವುದು ಅಪರೂಪ. ಅಡುಗೆಮನೆಗೆ ಒಂದು, ಬಚ್ಚಲುಗಳಿಗೆ ಒಂದೊಂದು, ಸೋಲಾರಿಗೆ ಒಂದು ಪೈಪು ಇರುತ್ತದೆ. ಎಷ್ಟೋ ಮನೆಗಳಲ್ಲಿ ಮೆಟ್ರೋ ನೀರಿಗೊಂದು, ಬೋರ್‌ವೆಲ್ ನೀರಿಗೊಂದು ಎಂದು ಟ್ಯಾಂಕೇ ಎರಡು. ಎಲ್ಲಕ್ಕೂ ವಾಲ್ವ್ ಹಾಕಿಸಲು ಹೋದರೆ ಖರ್ಚು ಕೈ ಮೀರುತ್ತದೆ. ಮೊದಲು ತಾರಸಿಗೆ ಹತ್ತಿ ಪ್ರತಿ ಪೈಪು ಎಲ್ಲಿಗೆ ಹೋಗುತ್ತದೆಂದು ಗೇಟ್ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿ, ಪೇಂಟಿನಲ್ಲಿ ಗುರುತು ಹಾಕಿ. ಹಲವು ಪೈಪು ಒಂದೇ ಹೆಡರಿನಿಂದ ಕವಲೊಡೆದಿದ್ದರೆ ವಾಲ್ವ್ ಹೆಡರಿಗೂ ಮೊದಲು ಕೂರಬೇಕು. ಬಿಡಿಬಿಡಿಯಾಗಿದ್ದರೆ ಒಳಗಿನ ಮರಗೆಲಸ, ಸೂರು, ಕೆಳಮನೆ ಹಾಳಾಗುವ ಸಾಧ್ಯತೆ ಯಾವ ಪೈಪಿನಿಂದ ಹೆಚ್ಚೋ ಅದನ್ನೇ ಆರಿಸಿ. ಹಿತ್ತಲಿನ ನಲ್ಲಿಯ ಪೈಪನ್ನು ಬಿಟ್ಟರೆ ಪ್ರಪಂಚವೇನೂ ಮುಳುಗುವುದಿಲ್ಲ. ಕಟ್ಟಡದಲ್ಲಿ ಬೆಂಕಿ ಆರಿಸುವ ಪೈಪು ಇದ್ದರೆ ಮಾತ್ರ ಅದು ಯಾವ ಕಾರಣಕ್ಕೂ ಈ ವಾಲ್ವ್ ದಾಟಿ ಹೋಗಕೂಡದು.

ಸೋಲಾರ್ ವಾಟರ್ ಹೀಟರ್ ಇರುವವರು ಇಲ್ಲೊಂದು ಗಳಿಗೆ ನಿಲ್ಲಬೇಕು. ಹೀಟರಿಗೆ ಹೋಗುವ ತಣ್ಣೀರನ್ನು ಮುಚ್ಚಿ ಬಿಸಿನೀರಿನ ದಾರಿಯನ್ನು ತೆರೆದೇ ಬಿಟ್ಟರೆ ಹೀಟರಿನ ನೀರು ಕೆಳಗಿಳಿದು ಹೊಸ ನೀರು ಬಾರದೆ ಗಾಜಿನ ಕೊಳವೆಗಳು ಕ್ರಮೇಣ ಬರಿದಾಗಿ ಬಿಸಿಲಿಗೆ ಕಾಯಬಹುದು. ಆಮೇಲೆ ವಾಲ್ವ್ ತೆರೆದಾಗ ಕಾದ ಗಾಜಿಗೆ ತಣ್ಣೀರು ತಗುಲಿ ಕೊಳವೆ ಒಡೆಯಬಹುದು. ಸೋಲಾರಿನ ತಣ್ಣೀರಿನ ಪೈಪನ್ನು ಹಾಗೇ ಬಿಟ್ಟು, ಅದರಿಂದ ಮನೆಗಿಳಿಯುವ ಬಿಸಿನೀರಿನ ಪೈಪಿಗೆ ಬಿಸಿ ತಾಳುವ ಇನ್ನೊಂದು ವಾಲ್ವ್ ಹಾಕಿಸುವುದೇ ಸರಿ. ಬಚ್ಚಲಿನ ಗೀಸರಿನದು ಬೇರೆ ಕಥೆ. ನೀರು ಕಾದಾಗ ಹಿಗ್ಗುತ್ತದೆ. ಇಷ್ಟು ದಿನ ಹಿಗ್ಗಿದ ನೀರು ಪೈಪಿನಲ್ಲಿ ಹಿಂದಕ್ಕೆ ಸರಿದು ಟ್ಯಾಂಕಿನತ್ತ ಹೋಗುತ್ತಿದ್ದರೂ, ಮೋಟಾರು ವಾಲ್ವ್ ಮುಚ್ಚಿದಾಗ ಆ ದಾರಿ ಕಟ್ಟಿಹೋಗಬಹುದು. ಗೀಸರಿನ ಪ್ರೆಶರ್ ರಿಲೀಫ್ ವಾಲ್ವ್ ಕೆಲಸ ಮಾಡುತ್ತಿದೆಯೇ, ಸುಣ್ಣ ಕಟ್ಟಿ ಬಿಗಿದುಕೊಂಡಿದೆಯೇ ಎಂದು ಅದೇ ದಿನ ನೋಡಿಸಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಿಗಿದುಕೊಂಡಿರುವ ಸಾಧ್ಯತೆಯೇ ಹೆಚ್ಚು.

ಜೋಡಣೆಯ ಕ್ರಮ ಪ್ಲಂಬರಿಗೆ ಹೀಗೆ ಹೇಳಿ: ಟ್ಯಾಂಕು, ಹಳೆಯ ಗೇಟ್ ವಾಲ್ವ್ ಅಥವಾ ಅದರ ಬದಲಿಗೆ ಹೊಸ ಕೈ ಬಾಲ್ ವಾಲ್ವ್, ಕಸ ಹಿಡಿಯುವ ಜಾಲರಿ, ನೀರಿನ ಹರಿವು ಅಳೆಯುವ ಮೀಟರು, ಮೋಟಾರು ವಾಲ್ವ್, ಅದಾದ ಮೇಲೆ ಗಾಳಿ ಪೈಪು. ಗಾಳಿ ಪೈಪು ವಾಲ್ವಿನ ಕೆಳಬದಿಯಲ್ಲಿರಬೇಕು. ಆಗ ವಾಲ್ವ್ ಮುಚ್ಚಿದರೂ ಕೆಳಗಿನ ಪೈಪಿನಲ್ಲಿ ನಿರ್ವಾತ ಹುಟ್ಟುವುದಿಲ್ಲ, ಮತ್ತೆ ತೆರೆದಾಗ ಏರ್ ಲಾಕ್ ಆಗುವುದಿಲ್ಲ. ಪೈಪಿನಲ್ಲಿ ಉಳಿದ ನೀರು ಮಾತ್ರ ಸೋರಿಹೋಗುತ್ತದೆ. ಒಂದಿಂಚಿನ ಪೈಪಿನಲ್ಲಿ ಹತ್ತು ಮೀಟರಿಗೆ ಐದು ಲೀಟರಿನಷ್ಟು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಡೀ ಜೋಡಣೆಯ ಎರಡೂ ತುದಿಗೆ ಯೂನಿಯನ್ ಇರಲಿ, ಇಲ್ಲದಿದ್ದರೆ ಮುಂದೆ ವಾಲ್ವ್ ಬದಲಿಸಲು ಪೈಪನ್ನೇ ಕೊಯ್ಯಬೇಕು. ಪಕ್ಕದಲ್ಲಿ ಸುತ್ತುದಾರಿಯ ಪೈಪೊಂದು, ಅದಕ್ಕೊಂದು ಕೈ ವಾಲ್ವ್ ಕಡ್ಡಾಯ. ಎಲೆಕ್ಟ್ರಾನಿಕ್ಸ್ ಕೆಟ್ಟ ದಿನ ಮನೆಗೆ ನೀರು ಬರುವುದು ಅದರಿಂದಲೇ. ಮೋಟಾರಿನ ಡಬ್ಬಿ ಪೈಪಿನ ಕೆಳಗೆ ನೇತಾಡದೆ ಮೇಲೆ ಅಥವಾ ಪಕ್ಕಕ್ಕೆ ಇರಲಿ, ಇಲ್ಲದಿದ್ದರೆ ತೊಟ್ಟಿಕ್ಕಿದ ನೀರೆಲ್ಲ ಅದರೊಳಗೇ ಇಳಿಯುತ್ತದೆ. ಸಿಪಿವಿಸಿ ಪೈಪಿಗೆ ಹಿತ್ತಾಳೆಯ ತಿರುಪು ಇರುವ ಫಿಟಿಂಗ್ ಬಳಸಬೇಕು, ಪ್ಲಾಸ್ಟಿಕ್ ತಿರುಪನ್ನು ಲೋಹದ ವಾಲ್ವಿಗೆ ಬಿಗಿದರೆ ಅದು ಬಿರುಕು ಬಿಡುತ್ತದೆ. ಅಂಟು ಒಣಗಲು ಸಮಯ ಕೊಡದೆ ನೀರು ಬಿಡುವ ಆತುರ ಬೇಡ. ಸೋರಿಕೆ ತಡೆಯಲು ಹಾಕಿಸಿದ್ದರಿಂದಲೇ ಸೋರಿಕೆ ಶುರುವಾಗುವ ಪ್ರಸಂಗಗಳು ಹುಟ್ಟುವುದು ಇಂಥಲ್ಲಿ.

ಚೆನ್ನೈನ ತಾರಸಿ ಎಲೆಕ್ಟ್ರಾನಿಕ್ಸಿಗೆ ಒಳ್ಳೆಯ ಜಾಗವಲ್ಲ. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲು, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆ, ಕಡಲ ಉಪ್ಪುಗಾಳಿ ಮೂರೂ ಅದರ ಮೇಲೆ ಬೀಳುತ್ತವೆ. ವಾಲ್ವ್ ಐಪಿ 65 ಅಥವಾ ಅದಕ್ಕಿಂತ ಮೇಲಿನ ದರ್ಜೆಯದಾಗಿರಲಿ, ಮೇಲೊಂದು ನೆರಳಿನ ಪೆಟ್ಟಿಗೆಯಿರಲಿ. ಸೋರಿಕೆ ಸಾಧನದ ಕಂಟ್ರೋಲರನ್ನು ಮನೆಯೊಳಗೇ ಇಟ್ಟು ತಾರಸಿಗೆ ವೈರು ಮಾತ್ರ ಎಳೆಸಿ. ಹಾಗೆಂದು ಅದನ್ನು ಸಂಪಿನ ಪಕ್ಕದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕೂರಿಸುವುದೂ ತಪ್ಪು. 2015ರ ಡಿಸೆಂಬರಿನ ನೆರೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡನ್ನೂ ಕಂಡ ವೇಳಚೇರಿಯಂಥ ಕಡೆ ನೆಲಮಹಡಿಯ ಸ್ವಿಚ್ ಬೋರ್ಡ್ ಎಷ್ಟೆತ್ತರಕ್ಕಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಸೋರಿಕೆಯನ್ನು ಗುರುತಿಸುವ ದಾರಿ ಎರಡು, ಎರಡರಲ್ಲೂ ಕುರುಡುಜಾಗಗಳಿವೆ. ಹರಿವು ಅಳೆಯುವ ಸೆನ್ಸರ್ ನೀರು ಎಷ್ಟು ಹೊತ್ತು, ಎಷ್ಟು ಲೀಟರ್ ಹರಿಯಿತೆಂದು ನೋಡುತ್ತದೆ. ರಿಚಿ ಸ್ಟ್ರೀಟಿನಲ್ಲಿ ಹೆಚ್ಚಾಗಿ ಮಾರಾಟವಾಗುವ ಅರ್ಧ ಇಂಚಿನ ಚಕ್ರದ ಸೆನ್ಸರಿನ ಅಳತೆ ನಿಮಿಷಕ್ಕೆ 1ರಿಂದ 30 ಲೀಟರ್. ಒಂದು ಲೀಟರಿಗಿಂತ ಕಡಿಮೆ ಹರಿದರೆ ಅದರ ಚಕ್ರವನ್ನು ನಂಬುವಂತಿಲ್ಲ. ನಿಮಿಷಕ್ಕೆ ಒಂದು ಲೀಟರ್ ಸಣ್ಣದೆನಿಸಿದರೆ ದಿನಕ್ಕೆ ಗುಣಿಸಿ ನೋಡಿ: 1,440 ಲೀಟರ್. ಕೇಂದ್ರ ಸರ್ಕಾರದ ಮಾನದಂಡದಂತೆ ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್, ಅಂದರೆ ಇದು ಹತ್ತು ಜನರ ಪಾಲು. ಅಷ್ಟರವರೆಗಿನ ಸೋರಿಕೆ ಆ ಸೆನ್ಸರಿನ ಕಣ್ಣಿಗೆ ಬೀಳದೆ ಹೋಗಬಹುದು. ಮೇಲಾಗಿ ಒಂದಿಂಚಿನ ಪೈಪಿಗೆ ಅರ್ಧ ಇಂಚಿನ ಸೆನ್ಸರ್ ತುರುಕಿದರೆ ಮೇಲ್ಮಹಡಿಗೆ ನೀರು ಸರಿಯಾಗಿ ಬರುವುದಿಲ್ಲ. ಪೈಪಿನ ಅಳತೆಯದ್ದೇ ಮೀಟರನ್ನು, ಸಾಧ್ಯವಾದರೆ ಪಲ್ಸ್ ಕೊಡುವ ಒಳ್ಳೆಯ ನೀರಿನ ಮೀಟರನ್ನು ಹಾಕಿಸುವುದು ಜಾಣತನ. ಒಳಗೆ ತಿರುಗುವ ಭಾಗವೇ ಇಲ್ಲದ ಅಲ್ಟ್ರಾಸಾನಿಕ್ ಮೀಟರು ಗಡಸು ನೀರಿಗೆ ಇನ್ನೂ ವಾಸಿ, ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಎರಡನೆಯದು ನೆಲದ ಮೇಲಿಡುವ ಸೆನ್ಸರ್. ಎರಡು ಲೋಹದ ತುದಿಗಳ ನಡುವೆ ನೀರು ಬಂದರೆ ಅದು ಎಚ್ಚರಿಸುತ್ತದೆ. ನಮ್ಮ ಬಚ್ಚಲಿನ ನೆಲ ದಿನವೂ ಒದ್ದೆಯಾಗುವಂಥದ್ದಾದ್ದರಿಂದ ಅಲ್ಲಿ ಇದಕ್ಕೆ ಕೆಲಸವಿಲ್ಲ. ವಾರದೊಳಗೆ ಅದರ ಕೂಗು ಕೇಳಿ ಬೇಸತ್ತು ಯಾರಾದರೂ ಬ್ಯಾಟರಿ ತೆಗೆದಿಡುತ್ತಾರೆ. ಇದು ಇರಬೇಕಾದ್ದು ಎಂದೂ ಒದ್ದೆಯಾಗಬಾರದ ಕಡೆ: ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನೊಳಗೆ, ಆರ್‌ಒ ಯಂತ್ರದಡಿ, ವಾಷಿಂಗ್ ಮಷಿನ್ ಒಳಕೋಣೆಯಲ್ಲಿದ್ದರೆ ಅದರ ಹಿಂದೆ, ಮೇಲಿನ ಬಚ್ಚಲಿನ ಕೆಳಗೆ ಬರುವ ಫಾಲ್ಸ್ ಸೀಲಿಂಗಿನ ಮೇಲೆ. ಆರ್‌ಒದ ಬಗ್ಗೆ ಒಂದು ಸೂಕ್ಷ್ಮ ಗಮನಿಸಬೇಕು. ಈ ಸೆನ್ಸರ್ ಎಚ್ಚರಾಗುವುದು ನೀರಿನಲ್ಲಿ ಕರಗಿದ ಲವಣಗಳು ವಿದ್ಯುತ್ ಸಾಗಿಸುವುದರಿಂದ. ಸೋಸಿದ ನೀರಿನಲ್ಲಿ ಲವಣ ಕಡಿಮೆ, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಇಲ್ಲವೆಂದೇ ಹೇಳಬಹುದು. ಬೋರ್‌ವೆಲ್ ನೀರಿಗೆ ತಟ್ಟನೆ ಕೂಗುವ ಸೆನ್ಸರ್ ಆರ್‌ಒ ನೀರಿಗೆ ಸುಮ್ಮನಿರಬಹುದಾದ್ದರಿಂದ ಅಲ್ಲಿಡುವುದನ್ನು ಆರ್‌ಒ ನೀರಿನಲ್ಲೇ ಪರೀಕ್ಷಿಸಬೇಕು.

ಎಷ್ಟು ಹೊತ್ತು ಹರಿದರೆ ಸೋರಿಕೆ ಎಂದು ಯಂತ್ರಕ್ಕೆ ಹೇಳುವುದು ಮನೆಯಿಂದ ಮನೆಗೆ ಬೇರೆ. ಕೈಪಿಡಿಯ ಅಂಕೆಯನ್ನು ಹಾಗೇ ಒಪ್ಪಬೇಡಿ. ಮೊದಲ ವಾರ ವಾಲ್ವ್ ಮುಚ್ಚುವ ಅಧಿಕಾರ ಕೊಡದೆ ಬರಿದೇ ದಾಖಲಿಸಲು ಬಿಡಿ. ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಸ್ನಾನ, ಕೆಲಸದವರು ಪಾತ್ರೆ ತೊಳೆಯುವುದು, ಡ್ರಮ್ಮು ತುಂಬಿಸಿಡುವುದು ಎಲ್ಲ ಆ ವಾರದಲ್ಲಿ ಕಾಣುತ್ತದೆ. ಅತಿ ಉದ್ದದ ನ್ಯಾಯವಾದ ಬಳಕೆ 20 ನಿಮಿಷವಾದರೆ ಮಿತಿಯನ್ನು 30ಕ್ಕೆ ಇಡಿ. ಮುಚ್ಚುವ ಮೊದಲು ಎರಡು ನಿಮಿಷ ಬಜ್ಜರ್ ಕೂಗಲಿ. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗಿನ ಮಿತಿ ಬೇರೆಯೇ ಇರಲಿ: ಮೂರು ಲೀಟರ್ ಹರಿದರೂ ಮುಚ್ಚು, ಮೋಟಾರು ಏಳಿಸಬೇಡ. ನೀರನ್ನು ಮತ್ತೆ ತೆರೆಯುವ ಅಧಿಕಾರ ಯಜಮಾನರ ಮೊಬೈಲಿಗೆ ಮಾತ್ರ ಸೀಮಿತವಾದರೆ ಮನೆಯಲ್ಲಿರುವ ಅಜ್ಜಿಯೂ ಕೆಲಸದಾಕೆಯೂ ನೀರಿಲ್ಲದೆ ಕೂರಬೇಕು. ಅಡುಗೆಮನೆಯ ಹತ್ತಿರ ಎದ್ದು ಕಾಣುವ ಒಂದು ಗುಂಡಿ ಇರಲಿ, ಅದರ ಮೇಲಿನ ಬರಹ ತಮಿಳಿನಲ್ಲೂ ಇರಲಿ. ತುರ್ತಿಗೆ ಬರುವ ಪ್ಲಂಬರೂ ವಾಚ್‌ಮನ್ನೂ ಓದುವುದು ತಮಿಳನ್ನೇ.

ಪರೀಕ್ಷೆಯೇ ಈ ಕೆಲಸದ ಅರ್ಧ ಭಾಗ. ಕೂರಿಸಿದವರು ಮೊಬೈಲಿನಲ್ಲಿ ಒಮ್ಮೆ ವಾಲ್ವ್ ಮುಚ್ಚಿ ತೆರೆದು ತೋರಿಸಿ ಹಣ ಪಡೆದು ಹೋಗುತ್ತಾರೆ. ಅದು ಗುಂಡಿ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ, ಸೋರಿಕೆ ನಿಲ್ಲುತ್ತದೆ ಎಂಬುದಕ್ಕಲ್ಲ. ಹಣ ಕೊಡುವ ಮೊದಲು ಅವರೆದುರೇ ಮಾಡಬೇಕಾದ್ದು ಇನ್ನೂ ಇದೆ. ಮೊದಲು ಮೀಟರಿನ ನಿಖರತೆ: ಮನೆಯಲ್ಲಿರುವ 20 ಲೀಟರಿನ ಕ್ಯಾನನ್ನು ನಲ್ಲಿಯಡಿ ಇಟ್ಟು ತುಂಬಿಸಿ, ಯಂತ್ರ ಎಷ್ಟು ಲೀಟರ್ ಎನ್ನುತ್ತದೆ ನೋಡಿ. 18 ಎಂದರೆ ಲೆಕ್ಕದ ಗುಣಕವನ್ನು ಸರಿಪಡಿಸಲು ಹೇಳಿ. ನಲ್ಲಿಯನ್ನು ಪೂರ್ತಿ ತೆರೆದು ಒಮ್ಮೆ, ಸಣ್ಣಗೆ ತೆರೆದು ಇನ್ನೊಮ್ಮೆ ಮಾಡಿ. ಎಷ್ಟು ಸಣ್ಣ ಧಾರೆಯವರೆಗೆ ಅದು ಎಣಿಸುತ್ತದೆಂಬುದು ಆಗಲೇ ತಿಳಿಯುವುದು. ಆಮೇಲೆ ವಾಲ್ವಿನ ಬಿಗಿತ: ಅದನ್ನು ಮುಚ್ಚಿ, ಅತಿ ಕೆಳಗಿನ ನಲ್ಲಿಯನ್ನು ತೆರೆದು ಪೈಪಿನ ನೀರೆಲ್ಲ ಇಳಿದುಹೋಗಲು ಬಿಡಿ. ಹತ್ತು ನಿಮಿಷದ ನಂತರವೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ, ಅಥವಾ ಸುತ್ತುದಾರಿಯ ಕೈ ವಾಲ್ವ್ ಬಿಗಿಯಾಗಿಲ್ಲ.

ನಿಜವಾದ ಪರೀಕ್ಷೆ ಸುಳ್ಳು ಸೋರಿಕೆಯದು. ಒಂದು ನಲ್ಲಿಯನ್ನು ಬಕೆಟಿಗೆ ತೆರೆದಿಟ್ಟು, ಯಾರೂ ಏನೂ ಮುಟ್ಟದೆ, ಬಜ್ಜರ್ ಯಾವಾಗ ಕೂಗಿತು, ವಾಲ್ವ್ ಯಾವಾಗ ಮುಚ್ಚಿತು, ಅಷ್ಟರಲ್ಲಿ ಎಷ್ಟು ಬಕೆಟ್ ತುಂಬಿತು ಎಂದು ಬರೆದಿಡಿ. ಬಕೆಟಿನ ನೀರು ಬಟ್ಟೆಗೋ ಗಿಡಕ್ಕೋ ಆಗುತ್ತದೆ. ಅದನ್ನೇ ಕರೆಂಟಿನ ಮೇನ್ ಸ್ವಿಚ್ ಆರಿಸಿ ಮಾಡಿ, ಬ್ಯಾಟರಿ ಹೆಸರಿಗೆ ಮಾತ್ರ ಇದೆಯೋ ಕೆಲಸಕ್ಕಿದೆಯೋ ಗೊತ್ತಾಗುತ್ತದೆ. ಮತ್ತೊಮ್ಮೆ ವೈಫೈ ರೂಟರ್ ಆರಿಸಿ ಮಾಡಿ. ಇಂಟರ್ನೆಟ್ ಇಲ್ಲದಾಗ ತೀರ್ಮಾನ ಕೈಗೊಳ್ಳಲಾಗದ ಯಂತ್ರವನ್ನು ಅಲ್ಲೇ ವಾಪಸು ಕೊಡಿ. ಚಂಡಮಾರುತದ ರಾತ್ರಿ ಮೊದಲು ಹೋಗುವುದೇ ಇಂಟರ್ನೆಟ್. ನೆಲದ ಸೆನ್ಸರ್‌ಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಿಂದ ಮುಟ್ಟಿ. ಕಡೆಗೆ, ಸೋರಿಕೆಯ ಎಚ್ಚರಿಕೆ ಇನ್ನೂ ಇರುವಾಗಲೇ ಒಬ್ಬರು ತಾರಸಿಗೆ ಹೋಗಿ ಟ್ಯಾಂಕಿನ ಫ್ಲೋಟನ್ನು ಖಾಲಿಯಾದ ಸ್ಥಿತಿಗೆ ತರಲಿ. ಮೋಟಾರು ಎದ್ದರೆ ಇಡೀ ವ್ಯವಸ್ಥೆ ಅನುತ್ತೀರ್ಣ, ಉಳಿದೆಲ್ಲ ಸರಿಯಿದ್ದರೂ ಸಹ. ಈ ಒಂದು ಪರೀಕ್ಷೆಯನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ಯಂತ್ರಕ್ಕೆ ಕಾಣದ ಸಣ್ಣ ಸೋರಿಕೆಗೆ ಹಳೆಯ ಉಪಾಯವೇ ಗತಿ. ರಾತ್ರಿ ಮೋಟಾರು ಆರಿಸಿ, ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ. ಒಂದು ಮೀಟರ್ ಅಡ್ಡಳತೆಯ ಗುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚುಕಡಿಮೆ 8 ಲೀಟರ್ ಹೋಗಿದೆ ಎಂದರ್ಥ. ಫ್ಲಶ್ ಟ್ಯಾಂಕಿಗೆ ತಿಂಡಿಯ ಬಣ್ಣ ಒಂದಿಷ್ಟು ಹಾಕಿ ಅರ್ಧ ಗಂಟೆ ಬಿಟ್ಟರೆ, ಕಮೋಡಿನಲ್ಲಿ ಬಣ್ಣ ಕಂಡ ಮನೆಯ ಕಳ್ಳ ಸಿಕ್ಕಿಬಿದ್ದ ಹಾಗೆ. ಇದನ್ನೂ ವಾಲ್ವಿನ ಪರೀಕ್ಷೆಯನ್ನೂ ಮೂರು ತಿಂಗಳಿಗೊಮ್ಮೆ ಮಾಡಿ. ಅದರಲ್ಲೊಂದು ಹಿಂಗಾರು ಮಳೆಗೆ ಮೊದಲು, ಸೆಪ್ಟೆಂಬರಿನಲ್ಲಿ ಬರಲಿ. ಟ್ಯಾಂಕು ತೊಳೆಸಿದ ಮೇಲೆ ಜಾಲರಿ ಬಿಚ್ಚಿ ನೋಡುವುದನ್ನು ಮರೆಯಬೇಡಿ. ಗಡಸು ನೀರಿನಲ್ಲಿ ಬಾಲ್ ವಾಲ್ವ್ ತಿಂಗಳುಗಟ್ಟಲೆ ಅಲುಗದಿದ್ದರೆ ಸುಣ್ಣ ಕಟ್ಟಿ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ನಡುರಾತ್ರಿ ತಾನೇ ಮುಚ್ಚಿ ತೆರೆಯುವಂತೆ ಕಂಟ್ರೋಲರಿಗೆ ಹೇಳಿಡಬಹುದು.

ಇಷ್ಟೆಲ್ಲ ಯಾಕೆ, ಊರಿಗೆ ಹೋಗುವಾಗ ಗೇಟ್ ವಾಲ್ವ್ ಮುಚ್ಚಿ ಹೋದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಾಲುತ್ತದೆ, ಮುಚ್ಚುವ ಅಭ್ಯಾಸವಿದ್ದರೆ ಮತ್ತು ವಾಲ್ವ್ ತಿರುಗಿದರೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ತುಕ್ಕು ಹಿಡಿದು, ತಿರುಗಿಸಿದಾಗ ಹಿಡಿಯೇ ಕೈಗೆ ಬರುವುದುಂಟು. ಅದನ್ನು ತೆಗೆದು ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಹಾಕಿಸುವುದೇ ಎಷ್ಟೋ ಮನೆಗಳಿಗೆ ಸಾಕಾದ ಸುಧಾರಣೆ. ಆದರೆ ಮನೆಯಲ್ಲಿ ಮಲಗಿರುವಾಗ, ಕೆಲಸಕ್ಕೆ ಹೋಗಿರುವಾಗ ಯಾರೂ ತಾರಸಿಗೆ ಹೋಗಿ ಮುಚ್ಚಿ ಬರುವುದಿಲ್ಲ. ಯಂತ್ರವೇ ಪೈಪಿಗಿಂತ ಬೇಗ ಕೆಡುತ್ತದೆ ಎಂಬ ಇನ್ನೊಂದು ಆಕ್ಷೇಪವೂ ಸುಳ್ಳಲ್ಲ. ಸುತ್ತುದಾರಿ ಮತ್ತು ಮೂರು ತಿಂಗಳ ಪರೀಕ್ಷೆಗೆ ಅಷ್ಟು ಒತ್ತು ಕೊಟ್ಟದ್ದು ಆ ಕಾರಣಕ್ಕೇ. ಅವೆರಡಕ್ಕೂ ಸಮಯವಿಲ್ಲದವರು ಇದನ್ನು ಹಾಕಿಸದಿರುವುದೇ ಲೇಸು, ಯಂತ್ರವಿದೆ ಎಂಬ ಧೈರ್ಯದಿಂದ ಇದ್ದ ಎಚ್ಚರವನ್ನೂ ಬಿಟ್ಟುಬಿಡುವ ಅಪಾಯವಿದೆ. ಫ್ಲಾಟುಗಳಲ್ಲಿ ತೊಡಕು ಬೇರೆ. ಹಳೆಯ ಕಟ್ಟಡಗಳಲ್ಲಿ ಒಂದರ ಮೇಲೊಂದಿರುವ ಬಚ್ಚಲುಗಳಿಗೆಲ್ಲ ಒಂದೇ ಪೈಪು ಇಳಿದಿರುವುದರಿಂದ ತಾರಸಿಯಲ್ಲಿ ಮುಚ್ಚಿದರೆ ನಾಲ್ಕು ಮನೆಗೆ ನೀರು ನಿಲ್ಲುತ್ತದೆ. ಅಲ್ಲಿ ವಾಲ್ವ್ ಕೂರಬೇಕಾದ್ದು ನಿಮ್ಮ ಫ್ಲಾಟಿನೊಳಗೆ ಪೈಪು ಕವಲೊಡೆಯುವ ಕಡೆ. ಕಟ್ಟಡದಲ್ಲಿ ಪ್ರೆಶರ್ ಪಂಪ್ ಇದ್ದರೆ ಹರಿವು ನಿಂತಾಗ ಅದು ತಾನೇ ನಿಲ್ಲುತ್ತದೆಯೇ ಎಂದು ಅಸೋಸಿಯೇಷನ್ನಿನಲ್ಲಿ ಕೇಳಿ ತಿಳಿದುಕೊಳ್ಳಿ. ಸಂಪಿನ ಮೋಟಾರು ಎಲ್ಲರಿಗೂ ಸೇರಿದ್ದು, ಅದರ ಟೈಮರಿನ ಖರ್ಚನ್ನು ಎಲ್ಲರೂ ಹಂಚಿಕೊಂಡರೆ ತಲೆಗೆ ಬರುವುದು ಅಲ್ಪ.

ಒಂದೇ ಮಹಡಿ, ಒಂದೇ ಟ್ಯಾಂಕು, ಕೈಯಿಂದ ಹಾಕುವ ಮೋಟಾರು ಇರುವ ಮನೆಗೆ ಈ ವಾಲ್ವಿನ ಅಗತ್ಯ ಕಡಿಮೆ. ಅಲ್ಲಿ ಸೋರಿಕೆ ಒಂದು ಟ್ಯಾಂಕಿಗೆ ಮುಗಿಯುತ್ತದೆ. ಮೋಟಾರಿಗೆ ಕಂಟ್ರೋಲರ್ ಇರುವ ಮನೆಯವರು ಮಾತ್ರ ತಡಮಾಡಬಾರದು. ಕೈಯಲ್ಲಿರುವ ಹಣ ಒಂದಕ್ಕೆ ಸಾಲುವುದಾದರೆ ಈ ವರ್ಷ ಮೋಟಾರಿಗೆ ಟೈಮರ್ ಹಾಕಿಸಿ, ಊರಿಗೆ ಹೊರಡುವಾಗ ಮೋಟಾರಿನ ಮೇನ್ ಆರಿಸಿ ಹೋಗಿ. ವಾಲ್ವ್ ಮುಂದಿನ ವರ್ಷಕ್ಕಿರಲಿ.